ವಿಡಿಯೋಗೆ ಬಿದ್ದ ದೃಷ್ಟಿಬೊಟ್ಟು: ಕಲೆ ಇರುವುದು ಎಲ್ಲಿ, ತೆಗೆಯುವುದು ಹೇಗೆ?

ಕಾರವಾರದ ಟಾಗೋರ್ ಕಡಲತೀರದಲ್ಲಿ ಒಂದು ಮದುವೆ ಜೋಡಿಯ ಶೂಟಿಂಗ್ ಮುಗಿಸಿದ್ದೆ. ವಾರ ಬಿಟ್ಟು, ಶಿರಸಿ ಹತ್ತಿರದ ಹುಡುಗಿಯ ಮನೆಗೆ ಪೆನ್‌ಡ್ರೈವ್ ಒಯ್ದೆ. ಜಗಲಿಯ ಟಿವಿ ಮುಂದೆ ಮನೆಮಂದಿಯೆಲ್ಲ ಕೂತಿದ್ದರು. ಎರಡು ನಿಮಿಷ ಆಗಿರಬೇಕು, ಅಜ್ಜಿ ಕಣ್ಣು ಕಿರಿದು ಮಾಡಿ ಕೇಳಿದರು, "ತಮಾ, ಕೂಸಿನ ತಲೆ ಮೇಲೆ ಅದೆಂತದಾ ಕಪ್ಪು?"

ನೋಡಿದರೆ ಹೌದು. ಆಕಾಶದಲ್ಲಿ, ಹುಡುಗಿಯ ತಲೆಗಿಂತ ಒಂದು ಗೇಣು ಮೇಲೆ, ಬೂದು ಬಣ್ಣದ ಮಸುಕು ಚುಕ್ಕೆ. ಮುಂದಿನ ಶಾಟ್‌ನಲ್ಲೂ ಅಲ್ಲೇ. ಅದರ ಮುಂದಿನದರಲ್ಲೂ ಅಲ್ಲೇ. "ಅಡ್ಡಿಲ್ಲೆ ಬಿಡು, ದೃಷ್ಟಿಬೊಟ್ಟು ಇಟ್ಟಾಂಗೆ ಆತು" ಎಂದು ಅಜ್ಜಿಯೇ ನನ್ನ ಮಾನ ಉಳಿಸಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಒಳಗೊಳಗೇ ಬೆವರುತ್ತಾ.

ಆ ರಾತ್ರಿ ಮಾಡಿದ ತಪ್ಪನ್ನು ಹೇಳಿಯೇ ಮುಂದೆ ಹೋಗುತ್ತೇನೆ. ಮನೆಗೆ ಬಂದವನೇ ಲೆನ್ಸ್ ತೆಗೆದು ಬಟ್ಟೆಯಲ್ಲಿ ತಿಕ್ಕಿದೆ. ಚೆನ್ನಾಗಿಯೇ ತಿಕ್ಕಿದೆ. ಅದರ ಮೇಲೆ ಕಡಲ ಗಾಳಿಯ ಉಪ್ಪು ಒಣಗಿ ಕೂತಿತ್ತು. ಕೂದಲೆಳೆಯಂಥ ಗೀರುಗಳು ಬಿದ್ದವು. ಮುಂದಿನ ಶೂಟಿಂಗ್‌ನಲ್ಲಿ ನೋಡಿದರೆ ಚುಕ್ಕೆ ಅಲ್ಲೇ ಇತ್ತು! ಅದು ಲೆನ್ಸಿನ ಮೇಲೆ ಇರಲೇ ಇಲ್ಲ.

ಹಾಗಾಗಿ ಈ ಮಾರ್ಗದರ್ಶಿಯ ಮೊದಲ ಅರ್ಧದಲ್ಲಿ ಒರೆಸುವ ಮಾತೇ ಇಲ್ಲ. ಕಲೆ ಎಲ್ಲಿ ಕೂತಿದೆ ಎಂದು ಪತ್ತೆ ಮಾಡುವ ತನಕ ಬಟ್ಟೆ ಕೈಗೆ ತಗೋಬೇಡಿ. ಬೆಳಕು ಹೊರಗಿನಿಂದ ಒಳಗೆ ಬರುವ ದಾರಿಯಲ್ಲಿ ಫಿಲ್ಟರ್, ಲೆನ್ಸಿನ ಮುಂದಿನ ಗಾಜು, ಒಳಗಿನ ಗಾಜುಗಳು, ಸೆನ್ಸರ್ ಮುಂದಿನ ಗಾಜು, ಬೆಳಕನ್ನು ಚಿತ್ರವಾಗಿಸುವ ಸೆನ್ಸರ್ ಎಂಬ ಚಿಪ್ ಎಲ್ಲ ಇವೆ. ಕಲೆ ಇವುಗಳಲ್ಲಿ ಯಾವುದರ ಮೇಲಾದರೂ ಇರಬಹುದು. ಒಂದೊಂದು ಜಾಗದ ಕಲೆಗೂ ಒಂದೊಂದು ನಡವಳಿಕೆ ಇದೆ. ಅದನ್ನು ಮಾತಾಡಿಸುವುದಕ್ಕೆ ಹದಿನೈದು ನಿಮಿಷ ಸಾಕು.

ಹಂತ 1: ಕಲೆ ವಿಡಿಯೋದಲ್ಲೇ ಇದೆಯೇ?

ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಕಂಡ ಚುಕ್ಕೆ ಆ ಪರದೆಯದ್ದೇ ಇರಬಹುದು. ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಒಳಗೆ ಧೂಳು ಹೋಗುವುದು ಮಾಮೂಲು. ಅದೇ ಫೈಲನ್ನು ಕಂಪ್ಯೂಟರ್‌ನಲ್ಲಿ ಒಮ್ಮೆ, ಮೊಬೈಲ್‌ನಲ್ಲಿ ಒಮ್ಮೆ ನೋಡಿ. ಎರಡರಲ್ಲೂ ಇದ್ದರೆ ಮಾತ್ರ ಮುಂದಿನ ಹಂತ. ಟಿವಿಯಲ್ಲಿ ಮಾತ್ರ ಕಂಡರೆ ಟಿವಿ ಒರೆಸಿ.

ಚುಕ್ಕೆ ದುಂಡಗಿಲ್ಲದೆ ಚೌಕ ಚೌಕವಾಗಿದ್ದರೆ, ಹಸಿರು ಅಥವಾ ನೇರಳೆ ಬಣ್ಣದ ತುಂಡುಗಳು ಮಿಂಚಿ ಮಾಯವಾದರೆ, ಅದು ಧೂಳಲ್ಲ. ಕಾರ್ಡಿನ ಅಥವಾ ಕಾಪಿ ಮಾಡುವಾಗಿನ ತೊಂದರೆ. ಕಾರ್ಡಿನಿಂದ ಮತ್ತೊಮ್ಮೆ, ಬೇರೆ ರೀಡರ್ ಹಾಕಿ ಕಾಪಿ ಮಾಡಿ ನೋಡಿ. ಕಾರ್ಡಿನ ಮೂಲ ಫೈಲಿನಲ್ಲೇ ಚೌಕಗಳಿದ್ದರೆ ಆ ಕಾರ್ಡನ್ನು ಮದುವೆ ಕೆಲಸದಿಂದ ನಿವೃತ್ತಿ ಮಾಡಿಸಿ.

ಹಂತ 2: ಕ್ಯಾಮೆರಾ ನಿಧಾನ ತಿರುಗಿಸಿ

ಖಾಲಿ ಆಕಾಶ ಅಥವಾ ಸುಣ್ಣ ಬಳಿದ ಗೋಡೆ ಹುಡುಕಿ. ರೆಕಾರ್ಡ್ ಒತ್ತಿ, ಕ್ಯಾಮೆರಾವನ್ನು ಎಡದಿಂದ ಬಲಕ್ಕೆ ನಿಧಾನ ತಿರುಗಿಸಿ. ಈಗ ಚುಕ್ಕೆ ಏನು ಮಾಡುತ್ತದೆ ನೋಡಿ.

ಗೋಡೆಯ ಜೊತೆ ಸರಿದು ಚೌಕಟ್ಟಿನಿಂದ ಹೊರಗೆ ಹೋಯಿತೇ? ಅದು ಗೋಡೆಯ ಕಲೆ. ಚೌಕಟ್ಟಿನ ಅದೇ ಜಾಗದಲ್ಲಿ ಗಟ್ಟಿಯಾಗಿ ಕೂತಿದೆಯೇ? ಅದು ಕ್ಯಾಮೆರಾ ಅಥವಾ ಲೆನ್ಸಿನದ್ದು. ಚೌಕಟ್ಟಿನಲ್ಲಿ ದೀಪವಿದ್ದು, ಅದು ಬಲಕ್ಕೆ ಹೋದಾಗ ಚುಕ್ಕೆ ಎಡಕ್ಕೆ ಓಡಿತೇ? ಅದು ದೀಪದ ಪ್ರತಿಬಿಂಬ. ಅಡ್ಡಾದಿಡ್ಡಿ ಹಾರಾಡಿತೇ? ಧೂಳು, ಸೊಳ್ಳೆ, ಮಳೆ ಹನಿ ಇವುಗಳಲ್ಲಿ ಯಾವುದೋ ಒಂದು.

ಇಲ್ಲಿ ಒಂದು ಮೋಸ ಇದೆ. ಕ್ಯಾಮೆರಾದಲ್ಲಿ ಕೈ ನಡುಕ ಮರೆಸುವ ಎಲೆಕ್ಟ್ರಾನಿಕ್ ಸ್ಟೆಬಿಲೈಸೇಶನ್ ಆನ್ ಆಗಿದ್ದರೆ ಸೆನ್ಸರ್ ಮೇಲಿನ ಧೂಳೂ ಚೂರು ಚೂರು ಅಲುಗಾಡಿದ ಹಾಗೆ ಕಾಣುತ್ತದೆ. ಯಾಕೆಂದರೆ ಅದು ಚಿತ್ರದ ಅಂಚು ಕತ್ತರಿಸಿ, ಉಳಿದ ಭಾಗವನ್ನು ಆಚೀಚೆ ಸರಿಸುತ್ತಿರುತ್ತದೆ. ಪರೀಕ್ಷೆ ಮುಗಿಯುವವರೆಗೆ ಅದನ್ನು ಆಫ್ ಮಾಡಿ.

ಹಂತ 3: ಮುಚ್ಚಳ ಹಾಕಿ ರೆಕಾರ್ಡ್ ಮಾಡಿ

ಲೆನ್ಸಿಗೆ ಮುಚ್ಚಳ ಹಾಕಿ. ಮ್ಯಾನುವಲ್‌ಗೆ ಬನ್ನಿ. ಶಟರ್ (ಒಂದೊಂದು ಫ್ರೇಮಿಗೆ ಬೆಳಕು ಬೀಳುವ ಹೊತ್ತು) 1/50 ಸೆಕೆಂಡ್, ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) 3200 ಇಟ್ಟು ಒಂದು ನಿಮಿಷ ರೆಕಾರ್ಡ್ ಮಾಡಿ. ಕ್ಯಾಮ್‌ಕಾರ್ಡರ್ ಆದರೆ ಐಎಸ್‌ಒ ಬದಲು ಗೇನ್ ಏರಿಸಿ. ಕೋಣೆ ಕತ್ತಲೆ ಮಾಡಿಕೊಂಡು, ಕಂಪ್ಯೂಟರ್‌ನಲ್ಲಿ ಪೂರ್ತಿ ಅಳತೆಯಲ್ಲಿ ನೋಡಿ. ಇಡೀ ಚಿತ್ರ ಕಪ್ಪಾಗಿರಬೇಕು. ಅದರಲ್ಲಿ ಸೂಜಿ ಮೊನೆಯಷ್ಟು ಬಿಳಿ, ಕೆಂಪು, ನೀಲಿ ಅಥವಾ ಹಸಿರು ಬಿಂದುಗಳು ಒಂದೇ ಕಡೆ ಹೊಳೆಯುತ್ತಿದ್ದರೆ ಅವು ಹಾಟ್ ಪಿಕ್ಸೆಲ್‌ಗಳು. ಸೆನ್ಸರ್‌ನ ಆ ಒಂದೊಂದು ಕಣ ಬೆಳಕಿಲ್ಲದಿದ್ದರೂ "ಬೆಳಕಿದೆ" ಎಂದು ಸುಳ್ಳು ಹೇಳುತ್ತಿದೆ. ಇದಕ್ಕೆ ಒರೆಸಿ ಪ್ರಯೋಜನ ಇಲ್ಲ. ಮದ್ದು ಬೇರೆ ಇದೆ, ಕೆಳಗೆ ಹೇಳುತ್ತೇನೆ.

ಕತ್ತಲಲ್ಲಿ ಏನೂ ಇಲ್ಲ, ಬೆಳಕಲ್ಲಿ ಮಾತ್ರ ಕಪ್ಪು ಚುಕ್ಕೆ ಇದೆ ಎಂದಾದರೆ, ಬೆಳಕಿಗೆ ಏನೋ ಅಡ್ಡ ಕೂತಿದೆ ಎಂದು ಅರ್ಥ.

ಹಂತ 4: ಅಪರ್ಚರ್ ಕಿರಿದು ಮಾಡಿ, ಅಗಲ ಮಾಡಿ

ನನಗೆ ಕೇಳಿದರೆ ಎಲ್ಲಕ್ಕಿಂತ ಮುಖ್ಯ ಪರೀಕ್ಷೆ ಇದೇ. ಅಪರ್ಚರ್ ಎಂದರೆ ಲೆನ್ಸಿನೊಳಗೆ ಬೆಳಕು ಹಾಯುವ ಕಿಂಡಿ, ಎಫ್ ಸಂಖ್ಯೆ ದೊಡ್ಡದಾದಷ್ಟು ಕಿಂಡಿ ಕಿರಿದು. ಆಕಾಶಕ್ಕೆ ಕ್ಯಾಮೆರಾ ಹಿಡಿದು, ಫೋಕಸ್ ಬೇಕಂತಲೇ ತಪ್ಪಿಸಿ, ಐಎಸ್‌ಒ 100ರಲ್ಲಿ ಎಫ್ 22 ಇಟ್ಟು ತೆಗೆಯಿರಿ. ಆಮೇಲೆ ಎಫ್ 2.8 ಅಥವಾ ನಿಮ್ಮ ಲೆನ್ಸ್ ಎಷ್ಟು ಅಗಲ ತೆರೆಯುತ್ತದೋ ಅಷ್ಟಕ್ಕೆ ಇಟ್ಟು ತೆಗೆಯಿರಿ. ಎಫ್ 22ರಲ್ಲಿ ಗಟ್ಟಿಯಾಗಿ ಕಂಡ ಚುಕ್ಕೆ ಎಫ್ 2.8ರಲ್ಲಿ ಕರಗಿ ಹೋದರೆ, ಸಾಮಾನ್ಯವಾಗಿ ಅದು ಸೆನ್ಸರ್ ಮುಂದಿನ ಗಾಜಿನ ಮೇಲಿನ ಧೂಳೇ.

ಹೀಗೇಕೆ? ರಾತ್ರಿ ಟ್ಯೂಬ್‌ಲೈಟಿಗೆ ಅಡ್ಡವಾಗಿ, ಗೋಡೆಯಿಂದ ಒಂದು ಗೇಣು ದೂರದಲ್ಲಿ ಬೆರಳು ಹಿಡಿದು ನೋಡಿ. ನೆರಳು ಮಸುಕು. ಕರೆಂಟ್ ಹೋದಾಗ ಮೊಬೈಲ್ ಟಾರ್ಚ್ ಮುಂದೆ ಅದೇ ಬೆರಳು ಹಿಡಿಯಿರಿ. ನೆರಳು ಕೊರೆದ ಹಾಗೆ ಬೀಳುತ್ತದೆ. ಅಗಲ ಅಪರ್ಚರ್ ಟ್ಯೂಬ್‌ಲೈಟ್ ಇದ್ದ ಹಾಗೆ, ಬೆಳಕು ನಾನಾ ಕಡೆಯಿಂದ ಬಂದು ಧೂಳಿನ ನೆರಳನ್ನು ಅಳಿಸಿಬಿಡುತ್ತದೆ. ಕಿರಿದು ಅಪರ್ಚರ್ ಟಾರ್ಚ್ ಇದ್ದ ಹಾಗೆ. ಧೂಳು ಕೂರುವುದು ಸೆನ್ಸರ್ ಮೇಲಲ್ಲ, ಅದಕ್ಕಿಂತ ತುಸು ಮುಂದಿರುವ ಗಾಜಿನ ಮೇಲೆ. ನಾವು ನೋಡುವುದು ಧೂಳನ್ನಲ್ಲ, ಅದರ ನೆರಳನ್ನು.

ನಮ್ಮ ಕರಾವಳಿಯಲ್ಲಿ ಇದು ಜಾಸ್ತಿ ಯಾಕೆ ಕಾಣುತ್ತದೆ ಎಂಬುದಕ್ಕೂ ಇದೇ ಉತ್ತರ. ನಡುಹಗಲು, ಕಡಲತೀರ, ಕಣ್ಣು ಕುಕ್ಕುವ ಬಿಸಿಲು. ಸೆಕೆಂಡಿಗೆ 25 ಫ್ರೇಮ್ ತೆಗೆಯುವಾಗ ಶಟರ್ 1/50 ಇರಲಿ ಎಂದು ನಾವು ಕಲಿತಿದ್ದೇವೆ. ಐಎಸ್‌ಒ 100ರಲ್ಲಿ ಆ ಬಿಸಿಲಿಗೆ ಎಫ್ 22 ಬೇಕಾಗುತ್ತದೆ. ಅಂದರೆ ಧೂಳು ಚೆನ್ನಾಗಿ ಕಾಣುವ ಸ್ಥಿತಿಗೆ ನಾವೇ ಕ್ಯಾಮೆರಾ ತಂದು ನಿಲ್ಲಿಸುತ್ತೇವೆ. ಹಿಂದೆ ಖಾಲಿ ಆಕಾಶ ಬೇರೆ! ಅದೇ ಧೂಳು ಹೊತ್ತ ಕ್ಯಾಮೆರಾ ಶಿರಸಿಯ ಅಡಿಕೆ ತೋಟದ ನೆರಳಲ್ಲಿ ಎಫ್ 2.8ಕ್ಕೆ ಕೆಲಸ ಮಾಡಿ, ಏನೂ ತೋರಿಸದೆ ಬಂದಿರುತ್ತದೆ.

ಬೆಳಕು ಕಡಿಮೆ ಮಾಡುವ ಕಪ್ಪು ಗಾಜು, ಅಂದರೆ ಎನ್‌ಡಿ ಫಿಲ್ಟರ್ ಇದ್ದರೆ ಅರ್ಧ ತಲೆನೋವು ಮುಗಿಯಿತು. ಎನ್‌ಡಿ 8 ಹಾಕಿದರೆ ಎಫ್ 22 ಇದ್ದಲ್ಲಿ ಎಫ್ 8 ಸಾಕು. ಎನ್‌ಡಿ 64 ಹಾಕಿದರೆ ಎಫ್ 2.8ಕ್ಕೇ ಬರಬಹುದು. ಧೂಳು ಅಲ್ಲೇ ಇರುತ್ತದೆ, ಆದರೆ ನೆರಳು ಬೀಳುವುದಿಲ್ಲ. ಶೂಟಿಂಗ್ ನಡುವೆ ಚುಕ್ಕೆ ಕಂಡು ಕೈಯಲ್ಲಿ ಸಾಮಾನಿಲ್ಲದಾಗ ಇದೇ ತುರ್ತು ಉಪಾಯ.

ಹಂತ 5: ಫಿಲ್ಟರ್ ತಿರುಗಿಸಿ, ಜೂಮ್ ಮಾಡಿ, ಲೆನ್ಸ್ ಬದಲಿಸಿ

ಮುಂದಿನ ಫಿಲ್ಟರನ್ನು ಕಾಲು ಸುತ್ತು ತಿರುಗಿಸಿ. ಚುಕ್ಕೆಯೂ ತಿರುಗಿದರೆ ಫಿಲ್ಟರ್ ಮೇಲಿದೆ. ಜೂಮ್ ಮಾಡಿದಾಗ ಚುಕ್ಕೆ ಹಿಗ್ಗಿದರೆ, ಕುಗ್ಗಿದರೆ ಅಥವಾ ಮಾಯವಾದರೆ ಅದು ಲೆನ್ಸಿನ ಕಡೆಯದು. ಬೇರೆ ಲೆನ್ಸ್ ಹಾಕಿದರೂ ಅದೇ ಜಾಗದಲ್ಲಿ ಕೂತಿದ್ದರೆ ಸೆನ್ಸರ್ ಕಡೆಯದು.

ಲೆನ್ಸ್ ಬಿಚ್ಚಲಾಗದ ಕ್ಯಾಮ್‌ಕಾರ್ಡರ್ ಇದ್ದವರು ಒಳಗಿನ ಎನ್‌ಡಿ ಸ್ವಿಚ್ ಬದಲಿಸಿ ನೋಡಲು ಮರೆಯಬೇಡಿ. ಎನ್‌ಡಿ 1ರಲ್ಲಿ ಮಾತ್ರ ಚುಕ್ಕೆ, 2ರಲ್ಲಿ ಇಲ್ಲ ಎಂದರೆ ಧೂಳು ಆ ಪುಟ್ಟ ಗಾಜಿನ ಮೇಲೆಯೇ ಕೂತಿದೆ. ಅದನ್ನು ಬಿಚ್ಚುವ ಕೆಲಸ ಸರ್ವೀಸ್‌ನವರದ್ದು. ಅಲ್ಲಿಯವರೆಗೆ 2ನ್ನೇ ಬಳಸಿ.

ಇಷ್ಟಾದ ಮೇಲೆ ಕಲೆಯ ವಿಳಾಸ ಸಿಕ್ಕಿರುತ್ತದೆ. ಈಗ ಚಿಕಿತ್ಸೆ.

ಸೆನ್ಸರ್ ಧೂಳು

ಮೊದಲು ಜಾಗ ಆರಿಸಿ. ಫ್ಯಾನ್ ಆಫ್, ನೆಲ ಒದ್ದೆ ಬಟ್ಟೆಯಲ್ಲಿ ಒರೆಸಿದ ಕೋಣೆ ಸಾಕು. ಬಚ್ಚಲುಮನೆಯ ಹಬೆಗೆ ಗಾಳಿಯ ಧೂಳು ಕೆಳಗೆ ಕೂರುತ್ತದೆ, ಅಲ್ಲೇ ಮಾಡಿ ಎನ್ನುವವರಿದ್ದಾರೆ. ಅದು ಸರಿಯೇ. ಆದರೆ ನಮ್ಮ ಕಡೆಯ ಹಂಡೆ ಒಲೆಯ ಬಚ್ಚಲಲ್ಲಿ ಬೂದಿಯೂ ಇರುತ್ತದಲ್ಲ? ಬೇಡ. ಬ್ಯಾಟರಿ ಪೂರ್ತಿ ಚಾರ್ಜ್ ಇರಲಿ. ಒಳಗೆ ಕನ್ನಡಿ ಇರುವ ಡಿಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಸ್ವಚ್ಛಗೊಳಿಸುವ ನಡುವೆ ಬ್ಯಾಟರಿ ಹೋದರೆ ಕನ್ನಡಿ ಮತ್ತು ಶಟರ್ ಟಪ್ಪಂತ ಬಿದ್ದು ಹಾಳಾಗಬಹುದು.

1. ಮೆನುವಿನಲ್ಲಿರುವ ಸೆನ್ಸರ್ ಕ್ಲೀನಿಂಗ್ ಎರಡು ಸಲ ನಡೆಸಿ. ಅದು ಸೆನ್ಸರ್ ಮುಂದಿನ ಗಾಜನ್ನು ನಡುಗಿಸಿ ಧೂಳು ಉದುರಿಸುತ್ತದೆ.

2. ಹೋಗದಿದ್ದರೆ ಕೈಯಲ್ಲಿ ಒತ್ತುವ ರಬ್ಬರ್ ಬ್ಲೋವರ್. ಡಿಎಸ್‌ಎಲ್‌ಆರ್ ಆದರೆ ಮೆನುವಿನಲ್ಲಿ ಕ್ಲೀನಿಂಗ್ ಮೋಡ್‌ಗೆ ಹೋಗಿ ಕನ್ನಡಿ ಮೇಲೆತ್ತಿ. ಕ್ಯಾಮೆರಾ ಬಾಯಿ ಕೆಳಗೆ ಮಾಡಿ ಹಿಡಿಯಿರಿ, ಧೂಳು ಕೆಳಗೆ ಬೀಳಬೇಕು. ಬ್ಲೋವರ್ ಮೂತಿ ಒಳಗೆ ತೂರಿಸಬೇಡಿ. ಬಾಯಿಂದ ಊದುವುದಂತೂ ಬೇಡವೇ ಬೇಡ, ಎಂಜಲ ಹನಿ ಸೆನ್ಸರ್ ಮೇಲೆ ಹೋಗುತ್ತದೆ. ಡಬ್ಬಿಯಲ್ಲಿ ಬರುವ ಗಾಳಿ ಸ್ಪ್ರೇ ಕೂಡ ಬೇಡ, ಅದರಿಂದ ದ್ರವ ಚಿಮ್ಮಿ ಕಲೆಯಾಗುತ್ತದೆ.

3. ಎಫ್ 22ರಲ್ಲಿ ಮತ್ತೆ ಆಕಾಶದ ಪರೀಕ್ಷೆ. ಹತ್ತರಲ್ಲಿ ಏಳು ಸಲ ನನಗೆ ಇಲ್ಲಿಗೇ ಕೆಲಸ ಮುಗಿದಿದೆ.

4. ಇನ್ನೂ ಅಂಟಿಕೊಂಡಿದ್ದರೆ ಸ್ವಾಬ್, ಅಂದರೆ ಸೆನ್ಸರ್ ಒರೆಸುವ ಚಪ್ಪಟೆ ಕಡ್ಡಿ. ದೊಡ್ಡ ಫುಲ್‌ಫ್ರೇಮ್ ಸೆನ್ಸರ್‌ಗೆ 24 ಮಿಮೀ ಅಗಲದ್ದು, ಅದಕ್ಕಿಂತ ಚಿಕ್ಕ ಎಪಿಎಸ್‌ಸಿ ಸೆನ್ಸರ್‌ಗೆ 16 ಮಿಮೀ ಅಗಲದ್ದು. ಸೆನ್ಸರ್‌ಗೆಂದೇ ಬರುವ ದ್ರಾವಣ ಎರಡು ಹನಿ ಸಾಕು. ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಒಂದೇ ಎಳೆತ. ಸ್ವಾಬ್ ಮಗುಚಿ, ವಾಪಸ್ ಒಂದು ಎಳೆತ. ಅಷ್ಟೇ, ಆ ಸ್ವಾಬ್ ಕಸಕ್ಕೆ. ದುಡ್ಡು ಉಳಿಸಲು ಅದನ್ನೇ ಮತ್ತೆ ಬಳಸಿದರೆ ಮೊದಲ ಎಳೆತದ ಧೂಳೇ ಗೀರುವ ಕಲ್ಲಾಗುತ್ತದೆ.

ಜಾಗ ಹುಡುಕುವಾಗ ಒಂದು ಲೆಕ್ಕ ನೆನಪಿರಲಿ. ಲೆನ್ಸ್ ಚಿತ್ರವನ್ನು ತಲೆಕೆಳಗೆ ಮಾಡಿ ಸೆನ್ಸರ್ ಮೇಲೆ ಬೀಳಿಸುತ್ತದೆ. ಕ್ಯಾಮೆರಾವನ್ನು ನೆಟ್ಟಗೆ ನಿಮ್ಮ ಕಡೆ ಮುಖ ಮಾಡಿ ಹಿಡಿದಾಗ, ಚಿತ್ರದ ಎಡ ಮೇಲ್ಮೂಲೆಯ ಚುಕ್ಕೆ ಸೆನ್ಸರ್‌ನ ಎಡ ಕೆಳಮೂಲೆಯಲ್ಲಿರುತ್ತದೆ. ಮೇಲಿನದು ಕೆಳಗೆ, ಎಡ ಬಲ ಹಾಗೇ. ನನ್ನ ದೃಷ್ಟಿಬೊಟ್ಟು ಸೆನ್ಸರ್‌ನ ಕೆಳ ಅಂಚಿನ ಹತ್ತಿರ ಇತ್ತು.

ನಡುವೆ ತಿಳಿಯಾಗಿ, ಸುತ್ತ ಕಪ್ಪು ಉಂಗುರವಿರುವ ದುಂಡು ಚುಕ್ಕೆ ಕಂಡರೆ ಅದು ಎಣ್ಣೆಯ ಹನಿ ಅಥವಾ ಒಣಗಿದ ತೇವದ ಗುರುತು. ಅದಕ್ಕೆ ಬ್ಲೋವರ್ ಸಾಕಾಗುವುದಿಲ್ಲ, ಸೀದಾ 4ನೇ ಹೆಜ್ಜೆಗೆ ಹೋಗಿ.

ಧೂಳು ಬರುವುದು ಲೆನ್ಸ್ ಬದಲಿಸುವ ಹೊತ್ತಿನಲ್ಲಿ. ಚಪ್ಪರದಲ್ಲಿ ಹೋಮದ ಹೊಗೆ, ಅಕ್ಷತೆಯ ಜೊತೆ ಹಾರುವ ಅರಿಶಿನ ಕುಂಕುಮ, ಅಂಗಳದಲ್ಲಿ ಸುಲಿದ ಅಡಿಕೆಯ ಸಿಪ್ಪೆ ಪುಡಿ, ದಾರಿಯ ಕೆಂಪು ಮಣ್ಣು. ನಮ್ಮ ಜಿಲ್ಲೆಯಲ್ಲಿ ಧೂಳಿಗೆ ಬರಗಾಲ ಇಲ್ಲ. ಕ್ಯಾಮೆರಾ ಆಫ್ ಮಾಡಿ, ಬಾಯಿ ಕೆಳಗೆ ಹಿಡಿದು, ಗಾಳಿಗೆ ಬೆನ್ನು ಹಾಕಿ ಲೆನ್ಸ್ ಬದಲಿಸಿ. ಕಡಲತೀರದಲ್ಲಾದರೆ ಕಾರಿನೊಳಗೆ, ಕಿಟಕಿ ಏರಿಸಿಕೊಂಡು.

ಲೆನ್ಸಿನ ಮೇಲಿನ ಉಪ್ಪು

ಲೆನ್ಸಿನ ಮುಂದಿನ ಗಾಜಿನ ಮೇಲೆ ಒಂದೆರಡು ಧೂಳಿನ ಕಣ ಇದ್ದರೆ ವಿಡಿಯೋದಲ್ಲಿ ಗೊತ್ತೇ ಆಗುವುದಿಲ್ಲ, ಫೋಕಸ್‌ನಿಂದ ಅಷ್ಟು ದೂರ ಇರುತ್ತದೆ. ವೈಡ್ ಲೆನ್ಸ್, ಕಿರಿದು ಅಪರ್ಚರ್, ಪುಟ್ಟ ಸೆನ್ಸರ್ ಮೂರೂ ಸೇರಿದರೆ ಮಾತ್ರ ಕಾಣುತ್ತದೆ. ಮೊಬೈಲ್, ಆಕ್ಷನ್ ಕ್ಯಾಮೆರಾ, ಡ್ರೋನ್ ಇವರ ಗೋಳು ಅದೇ. ಆದರೆ ಸೂರ್ಯನಿಗೆ ಎದುರು ಹಿಡಿದರೆ ಯಾವ ಕ್ಯಾಮೆರಾದಲ್ಲೂ ಕಾಣುತ್ತದೆ. ಗೋಕರ್ಣದ ಓಂ ಬೀಚಿನ ಸೂರ್ಯಾಸ್ತದಲ್ಲಿ ಗಾಜಿನ ಮೇಲಿನ ಒಂದೊಂದು ಉಪ್ಪಿನ ಹರಳೂ ಒಂದೊಂದು ದೀಪವಾಗಿ ಹೊಳೆಯುತ್ತದೆ.

ಒಣ ಉಪ್ಪನ್ನು ಒಣ ಬಟ್ಟೆಯಲ್ಲಿ ತಿಕ್ಕಬಾರದು. ನಾನು ಕೊಟ್ಟ ಶುಲ್ಕ ಮೊದಲೇ ಹೇಳಿದ್ದೇನೆ. ಕ್ರಮ ಹೀಗೆ. ಮೊದಲು ಬ್ಲೋವರ್. ಆಮೇಲೆ ಮೆತ್ತನೆ ಬ್ರಷ್. ಆಮೇಲೆ ಡಿಸ್ಟಿಲ್ಡ್ ನೀರು. ಇನ್ವರ್ಟರ್ ಬ್ಯಾಟರಿಗೆ ಹಾಕುವ ಆ ನೀರೇ, ಹೊಸ ಕ್ಯಾನಿನದ್ದು. ಲೆನ್ಸ್ ಟಿಶ್ಯೂ ಅದರಲ್ಲಿ ನೆನೆಸಿ, ಗಾಜಿನ ಮೇಲೆ ಒತ್ತಿ ಇಟ್ಟು ಎತ್ತಿ. ಎಳೆಯಬೇಡಿ. ಉಪ್ಪು ಕರಗಿ ಟಿಶ್ಯೂಗೆ ಬರುತ್ತದೆ. ಎರಡು ಮೂರು ಸಲ ಹೊಸ ಟಿಶ್ಯೂ. ಕೊನೆಗೆ ಲೆನ್ಸ್ ದ್ರಾವಣ ಹಾಕಿದ ಮೈಕ್ರೋಫೈಬರ್ ಬಟ್ಟೆಯಲ್ಲಿ ನಡುವಿನಿಂದ ಹೊರಕ್ಕೆ ಸುತ್ತುತ್ತಾ ಒರೆಸಿ. ಹಲವರು ಮೊದಲಿಗೇ ಆಲ್ಕೋಹಾಲ್ ದ್ರಾವಣ ಹಾಕುತ್ತಾರೆ. ಅದು ಜಿಡ್ಡಿಗೆ ಒಳ್ಳೆಯದು. ಉಪ್ಪು ಅದರಲ್ಲಿ ಕರಗುವುದೇ ಇಲ್ಲ ಎನ್ನಬಹುದು. ಉಪ್ಪಿಗೆ ನೀರೇ ಬೇಕು.

ಕಡಲ ಹತ್ತಿರ ಯುವಿ ಫಿಲ್ಟರ್ ಹಾಕಿಯೇ ಇಳಿಯಿರಿ. ಗೀರು ಬಿದ್ದರೆ ಅದರ ಮೇಲೆ ಬೀಳಲಿ. ಡ್ರೋನ್ ಇದ್ದವರು ಅಲೆಗೆ ಹತ್ತಿರ ಇಳಿಸಿದ ಮೇಲೆ ಗಾಜು ಒರೆಸದೆ ಬ್ಯಾಗಿಗೆ ಹಾಕಬೇಡಿ. ಹಾಗೆಯೇ ಕಾರವಾರದ ನೌಕಾನೆಲೆ, ಕೈಗಾ ಅಣುಸ್ಥಾವರ ಎರಡೂ ನಮ್ಮಲ್ಲಿವೆ. ಎಲ್ಲಿ ಹಾರಿಸಬಹುದು ಎಂದು ನಕ್ಷೆ ನೋಡದೆ ಡ್ರೋನ್ ಎತ್ತಿದರೆ ಚುಕ್ಕೆಗಿಂತ ದೊಡ್ಡ ತೊಂದರೆ ಕಾದಿರುತ್ತದೆ.

ಮಂಜು ಮತ್ತು ಬೂಷ್ಟು

ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಬಂದಾಗ ಇದು ಪಾಠ ಕಲಿಸುತ್ತದೆ. ಎಸಿ ಕಾರಿನಲ್ಲಿ ತಣ್ಣಗಾದ ಲೆನ್ಸ್ ಕಡಲ ಸೆಕೆಗೆ ತೆರೆದ ಕೂಡಲೇ ಬೆವರುತ್ತದೆ. ಚಿತ್ರದ ನಡುವೆ ಹಬೆಯ ಮಚ್ಚೆ. ಒರೆಸಿದರೆ ಮತ್ತೆ ಬರುತ್ತದೆ. ಬ್ಯಾಗಿನ ಜಿಪ್ ಹಾಕಿಯೇ ಅರ್ಧ ಗಂಟೆ ಹೊರಗಿಡಿ, ಒಳಗಿನದು ಹೊರಗಿನ ಬಿಸಿಗೆ ಹೊಂದಿಕೊಳ್ಳಲಿ. ಆಮೇಲೆ ತೆಗೆಯಿರಿ. ಮುಹೂರ್ತ ಹತ್ತಿರ ಇದ್ದರೆ ಕಾರಿನ ಎಸಿಯನ್ನು ಘಟ್ಟದಲ್ಲೇ ಆಫ್ ಮಾಡಿ.

ಬೂಷ್ಟು ಇದಕ್ಕಿಂತ ಕೆಟ್ಟದ್ದು. ನಮ್ಮ ಮಳೆಗಾಲದಲ್ಲಿ ಚರ್ಮದ ಚಪ್ಪಲಿಗೆ ಹಿಡಿಯುವ ಬೂಷ್ಟೇ ಲೆನ್ಸಿನೊಳಗೂ ಬೆಳೆಯುತ್ತದೆ. ಲೆನ್ಸ್ ಬಿಚ್ಚಿ, ಅಪರ್ಚರ್ ಪೂರ್ತಿ ತೆರೆದು, ಹಿಂದಿನಿಂದ ಟಾರ್ಚ್ ಬಿಟ್ಟು ಓರೆಯಾಗಿ ನೋಡಿ. ಜೇಡರಬಲೆಯ ಎಳೆಗಳ ಹಾಗೆ ಕವಲೊಡೆದು ಹಬ್ಬಿದ್ದರೆ ಅದೇ. ವಿಡಿಯೋದಲ್ಲಿ ಅದು ಚುಕ್ಕೆಯಾಗಿ ಬರುವುದು ಕಡಿಮೆ. ಚಿತ್ರದ ಕಪ್ಪು ಬೂದಾಗುತ್ತದೆ, ದೀಪದ ಸುತ್ತ ಮಬ್ಬು ಹರಡುತ್ತದೆ. ಬಿಟ್ಟರೆ ಅದು ಸ್ರವಿಸುವ ಆಮ್ಲ ಗಾಜಿನ ಲೇಪವನ್ನೇ ತಿನ್ನುತ್ತದೆ. ಆಮೇಲೆ ಒರೆಸಿದರೂ ಗುರುತು ಹೋಗದು. ಶುರುವಿನಲ್ಲೇ ಕಂಡರೆ ಲೆನ್ಸ್ ಬಿಚ್ಚಬಲ್ಲ ಕೆಲಸಗಾರನ ಕೈಗೆ ಕೊಡಿ. ಯೂಟ್ಯೂಬ್ ನೋಡಿ ಮನೆಯಲ್ಲಿ ಬಿಚ್ಚಬೇಡಿ, ಗಾಜುಗಳನ್ನು ಮತ್ತೆ ಅದೇ ಜಾಗಕ್ಕೆ ಕೂರಿಸುವುದು ಆಟವಲ್ಲ.

ತಡೆಯುವುದು ಅಗ್ಗ. ರಬ್ಬರ್ ಅಂಚಿನ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ತೇವ ಅಳೆಯುವ ಪುಟ್ಟ ಮೀಟರ್, ಸಿಲಿಕಾ ಜೆಲ್. ತೇವಾಂಶ ಶೇ 40ರಿಂದ 50ರ ನಡುವೆ ನಿಲ್ಲಲಿ. ನೀಲಿ ಸಿಲಿಕಾ ಜೆಲ್ ತೇವ ಕುಡಿದಾಗ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿ. ಆದರೆ ಆ ನೀಲಿ ಬಣ್ಣ ಕೋಬಾಲ್ಟ್ ಕ್ಲೋರೈಡಿನದು, ವಿಷ. ಅಡುಗೆ ಬಾಣಲೆ ಬಳಸಬೇಡಿ. ಗುಜರಿಗೆ ಹೋಗುವ ಒಂದನ್ನು ಇದಕ್ಕೇ ಇಟ್ಟುಕೊಳ್ಳಿ, ಮಕ್ಕಳ ಕೈಗೆ ಸಿಗದಿರಲಿ. ಅಕ್ಕಿ ಡಬ್ಬಿಯಲ್ಲಿ ಲೆನ್ಸ್ ಹೂತಿಡುವವರನ್ನು ಕಂಡಿದ್ದೇನೆ. ಅಕ್ಕಿಯ ಹಿಟ್ಟೇ ಒಳಗೆ ಹೋಗುತ್ತದೆ ಮಾರಾಯ್ರೇ!

ಹಾಟ್ ಪಿಕ್ಸೆಲ್

ರಾತ್ರಿಯಿಡೀ ಯಕ್ಷಗಾನ ರೆಕಾರ್ಡ್ ಮಾಡುವವರಿಗೆ ಇದರ ಪರಿಚಯ ಇದ್ದೇ ಇರುತ್ತದೆ. ಹೊತ್ತು ಏರಿದ ಹಾಗೆ ಕ್ಯಾಮೆರಾ ಬಿಸಿಯಾಗುತ್ತದೆ, ಹಿಂದಿನ ಕಪ್ಪು ಪರದೆಯಲ್ಲಿ ನಕ್ಷತ್ರ ಮೂಡುತ್ತವೆ. ಸೋನಿ, ಒಲಿಂಪಸ್ ಕ್ಯಾಮೆರಾಗಳಲ್ಲಿ ಪಿಕ್ಸೆಲ್ ಮ್ಯಾಪಿಂಗ್, ಪ್ಯಾನಸಾನಿಕ್ ಲೂಮಿಕ್ಸ್‌ನಲ್ಲಿ ಪಿಕ್ಸೆಲ್ ರಿಫ್ರೆಶ್ ಎಂಬ ಹೆಸರಲ್ಲಿ ಮೆನುವಿನಲ್ಲಿ ಮದ್ದಿದೆ. ದೊಡ್ಡ ಕ್ಯಾಮ್‌ಕಾರ್ಡರ್‌ಗಳಲ್ಲಿ ಎಪಿಆರ್ ಅಥವಾ ಎಬಿಬಿ ಎಂದಿರುತ್ತದೆ. ಮುಚ್ಚಳ ಹಾಕಿ ನಡೆಸಿ. ಅರ್ಧ ಗಂಟೆ ಓಡಿಸಿ, ಕ್ಯಾಮೆರಾ ಬೆಚ್ಚಗಾದ ಮೇಲೆ ನಡೆಸಿದರೆ ಅಡಗಿದ್ದ ಬಿಂದುಗಳೂ ಸಿಕ್ಕಿಬೀಳುತ್ತವೆ. ಕ್ಯಾಮೆರಾ ಕೆಟ್ಟ ಕಣಗಳನ್ನು ಗುರುತಿಟ್ಟುಕೊಂಡು, ಅಕ್ಕಪಕ್ಕದ ಕಣಗಳ ಬಣ್ಣ ನೋಡಿ ಆ ಜಾಗ ತುಂಬುತ್ತದೆ. ಹೊಸ ಕ್ಯಾಮೆರಾದಲ್ಲೂ ಇವು ಹುಟ್ಟುತ್ತವೆ, ಗಾಬರಿ ಬೇಡ. ಮ್ಯಾಪಿಂಗ್ ಆದ ಮೇಲೂ ಹೋಗದಿದ್ದರೆ ಸರ್ವೀಸ್.

ಆರ್ಕೆಸ್ಟ್ರಾ ವೇದಿಕೆಯ ಲೇಸರ್ ವಿಷಯ ಬೇರೆ. ಲೇಸರ್ ಕಿರಣ ನೇರ ಲೆನ್ಸಿಗೆ ಹೊಡೆದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಸೆನ್ಸರ್ ಸುಡುತ್ತದೆ. ಬಣ್ಣದ ಮಚ್ಚೆಯೋ ಉದ್ದ ಗೆರೆಯೋ ಉಳಿದುಬಿಡುತ್ತದೆ. ಅದಕ್ಕೆ ಸೆನ್ಸರ್ ಬದಲಿಸುವುದೊಂದೇ ದಾರಿ. ಲೇಸರ್ ಇದೆಯೇ ಎಂದು ಲೈಟಿಂಗ್‌ನವರನ್ನು ಮೊದಲೇ ಕೇಳಿ, ಪಕ್ಕಕ್ಕೆ ನಿಲ್ಲಿ.

ರಾತ್ರಿಯ ಹಸಿರು ಚುಕ್ಕೆ, ಹಾರುವ ಬಿಳಿ ಉಂಡೆ

ಕಾರ್ತಿಕ ದೀಪೋತ್ಸವದಲ್ಲಿ ನೂರು ಹಣತೆ ಹಚ್ಚಿದರೆ ವಿಡಿಯೋದಲ್ಲಿ ಇನ್ನೂರು ಕಾಣುತ್ತವೆ, ನೂರು ಹಸಿರು. ಫಿಲ್ಟರ್ ಮತ್ತು ಒಳಗಿನ ಗಾಜುಗಳ ನಡುವೆ ಬೆಳಕು ಚೆಂಡಿನ ಹಾಗೆ ಪುಟಿಯುವುದು ಕಾರಣ. ಫಿಲ್ಟರ್ ಬಿಚ್ಚಿದರೆ ಮುಕ್ಕಾಲು ಪಾಲು ಹೋಗುತ್ತದೆ. ಉಳಿದದ್ದಕ್ಕೆ ಕೋನ ಚೂರು ಬದಲಿಸಿ. ಮೊಬೈಲ್‌ನಲ್ಲಿ ಬಿಚ್ಚಲು ಏನೂ ಇಲ್ಲ, ಕೋನವೊಂದೇ ಗತಿ.

ಹಾರುವ ಬಿಳಿ ಉಂಡೆಗಳದ್ದು ಬೇರೆ ಕತೆ. ತೋಟದ ಮನೆಯ ಸಿಸಿಟಿವಿಯಲ್ಲಿ ರಾತ್ರಿ ಬೆಳ್ಳಗೆ ಏನೋ ತೇಲಿತು ಎಂದು ಹೆದರಿ ನನಗೆ ಫೋನ್ ಮಾಡಿದವರಿದ್ದಾರೆ. ಭೂತ ಅಲ್ಲ. ಲೆನ್ಸಿನ ಪಕ್ಕದಲ್ಲೇ ಇರುವ ಇನ್‌ಫ್ರಾರೆಡ್ ದೀಪ, ಗಾಜಿನ ಎದುರೇ ಹಾರುವ ಹುಳವನ್ನು ಬೆಳಗಿಸುತ್ತದೆ. ಹತ್ತಿರ ಇರುವುದರಿಂದ ಮಸುಕಾಗಿ, ಉಂಡೆಯಾಗಿ ಕಾಣುತ್ತದೆ. ಜೇಡ ಬಲೆ ಕಟ್ಟಿದ್ದರೆ ಮುಗಿಯಿತು, ರಾತ್ರಿಯಿಡೀ ಬಿಳಿ ಗೆರೆ ಓಲಾಡುತ್ತಿರುತ್ತದೆ. ಬಲೆ ತೆಗೆಯಿರಿ, ಸಾಧ್ಯವಾದರೆ ದೀಪವನ್ನು ಕ್ಯಾಮೆರಾದಿಂದ ದೂರ ಬೇರೆ ಹಾಕಿಸಿ. ನೇತ್ರಾಣಿ ದ್ವೀಪದಲ್ಲಿ ನೀರಿಗಿಳಿದು ವಿಡಿಯೋ ಮಾಡುವವರಿಗೂ ಇದೇ ಮಾತು. ಲೆನ್ಸಿಗೆ ಅಂಟಿಸಿಕೊಂಡ ಲೈಟ್ ನೀರಿನ ಕಣಗಳನ್ನೆಲ್ಲ ಹಿಮವಾಗಿಸುತ್ತದೆ. ಲೈಟನ್ನು ತೋಳಿನ ಮೇಲೆ ಪಕ್ಕಕ್ಕೆ ಸರಿಸಿ.

ಹಳೆಯ ಕ್ಯಾಸೆಟ್ ಇದ್ದರೆ

ಅಟ್ಟದಿಂದ ಇಳಿಸಿದ ಮದುವೆ ವಿಎಚ್‌ಎಸ್ ಕ್ಯಾಸೆಟ್ಟಿನಲ್ಲಿ ಬಿಳಿ ಚುಕ್ಕೆಗಳು ಅಡ್ಡಡ್ಡ ಮಿಂಚಿದರೆ, ಟೇಪಿನ ಲೇಪ ಅಲ್ಲಲ್ಲಿ ಉದುರಿದೆ ಎಂದರ್ಥ. ಮಿನಿ ಡಿವಿ ಕ್ಯಾಸೆಟ್ಟಿನಲ್ಲಿ ಚೌಕಗಳ ಪಟ್ಟಿ ಬಂದರೆ ಟೇಪ್ ಓದುವ ಹೆಡ್ ಕೊಳೆಯಾಗಿರಬಹುದು. ಕ್ಲೀನಿಂಗ್ ಕ್ಯಾಸೆಟ್ ಕೆಲವೇ ಸೆಕೆಂಡ್ ಓಡಿಸಿ, ಜಾಸ್ತಿ ಬೇಡ, ಅದು ಹೆಡ್ಡನ್ನೇ ಸವೆಸುತ್ತದೆ. ಕ್ಯಾಸೆಟ್ಟಿನ ಕಿಟಕಿಯಲ್ಲಿ ಬಿಳಿ ಪುಡಿ ಕಂಡರೆ ಪ್ಲೇಯರ್‌ಗೆ ಹಾಕಲೇಬೇಡಿ. ಅದೂ ಬೂಷ್ಟು. ಹೆಡ್ಡಿಗೆ ಹತ್ತಿ, ಅಲ್ಲಿಂದ ಮುಂದಿನ ಕ್ಯಾಸೆಟ್ಟಿಗೂ ದಾಟುತ್ತದೆ.

ಆಗಲೇ ರೆಕಾರ್ಡ್ ಆಗಿಹೋದದ್ದನ್ನು ಸರಿಮಾಡುವುದು

ಮದುವೆ ಮತ್ತೆ ಮಾಡಿಸಲಾಗುವುದಿಲ್ಲವಲ್ಲ. ಎಡಿಟಿಂಗ್‌ನಲ್ಲಿ ನಾನು ಎರಡು ದಾರಿ ಬಳಸುತ್ತೇನೆ.

ಒಂದು, ತೇಪೆ. ಅದೇ ಕ್ಲಿಪ್ಪಿನ ಇನ್ನೊಂದು ಪ್ರತಿಯನ್ನು ಮೇಲಿನ ಟ್ರ್ಯಾಕಿನಲ್ಲಿಡಿ. ಕಲೆಯ ಪಕ್ಕದ ಶುಭ್ರ ಆಕಾಶಕ್ಕೆ ಸಣ್ಣ ದುಂಡು ಮಾಸ್ಕ್ ಹಾಕಿ (ಅಷ್ಟು ಭಾಗ ಮಾತ್ರ ಉಳಿಯುತ್ತದೆ), ಅಂಚು ಮೆತ್ತಗಾಗಲು ಫೆದರ್ ಕೊಡಿ. ಆ ತುಣುಕನ್ನು ಕಲೆಯ ಮೇಲೆ ಸರಿಸಿ. ಆಕಾಶ, ಗೋಡೆ, ಸಮುದ್ರದ ದೂರದ ನೀರು ಇದ್ದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ಸಾಫ್ಟ್‌ವೇರಿನ ಪ್ಯಾಚ್ ರಿಪ್ಲೇಸರ್ ಇದೇ ಕೆಲಸವನ್ನು ಸುಲಭ ಮಾಡುತ್ತದೆ. ಹಾಟ್ ಪಿಕ್ಸೆಲ್‌ಗೆಂದೇ ಅದರ ಸ್ಟುಡಿಯೋ ಆವೃತ್ತಿಯಲ್ಲಿ ಡೆಡ್ ಪಿಕ್ಸೆಲ್ ಫಿಕ್ಸರ್ ಇದೆ.

ಎರಡನೆಯದು ಹೆಚ್ಚು ಜನರಿಗೆ ಗೊತ್ತಿಲ್ಲ, ನನಗೆ ಇದೇ ಇಷ್ಟ. ಸೆನ್ಸರ್ ಧೂಳು ಚಿತ್ರವನ್ನು ಪೂರ್ತಿ ಮುಚ್ಚುವುದಿಲ್ಲ, ಬೆಳಕು ಸ್ವಲ್ಪ ಕಡಿಮೆ ಮಾಡುತ್ತದೆ ಅಷ್ಟೇ. ಕಲೆಯ ಕೆಳಗೆ ಚಿತ್ರ ಜೀವಂತ ಇದೆ. ಹಾಗಾಗಿ ಕಲೆಯಷ್ಟೇ ಅಗಲದ, ಮೆತ್ತನೆ ಅಂಚಿನ ಮಾಸ್ಕ್ ಹಾಕಿ, ಅದರೊಳಗೆ ಎಕ್ಸ್‌ಪೋಶರ್ ಚೂರೇ ಚೂರು ಏರಿಸಿ. ಕಲೆ ಸುತ್ತಲಿನ ಬಣ್ಣಕ್ಕೆ ಸೇರಿಹೋಗುತ್ತದೆ. ಹುಡುಗಿಯ ಮುಖ ಆ ಜಾಗವನ್ನು ದಾಟಿ ಹೋದರೂ ತೊಂದರೆ ಇಲ್ಲ, ತೇಪೆ ಆಗಿದ್ದರೆ ಮೂಗಿನ ಮೇಲೆ ಆಕಾಶ ಬರುತ್ತಿತ್ತು. ಅಪರ್ಚರ್ ಬದಲಾದ ಕ್ಲಿಪ್ಪಿಗೆ ಮಾತ್ರ ಅಳತೆ ಮತ್ತೆ ಹೊಂದಿಸಬೇಕು. ಉಳಿದ ಎಲ್ಲ ಕ್ಲಿಪ್ಪಿಗೂ ಕಲೆಯ ಜಾಗ ಒಂದೇ. ಒಂದರಲ್ಲಿ ಮಾಡಿ, ಉಳಿದವಕ್ಕೆ ಕಾಪಿ ಪೇಸ್ಟ್.

ಯಾವುದೇ ದಾರಿ ಹಿಡಿದರೂ ಕಲೆ ತೆಗೆಯುವುದು ಮೊದಲ ಕೆಲಸ. ಸ್ಟೆಬಿಲೈಸ್ ಮಾಡುವ ಮುಂಚೆ, ಜೂಮ್ ಮತ್ತು ಕ್ರಾಪ್ ಮಾಡುವ ಮುಂಚೆ, ಬಣ್ಣ ಹೊಂದಿಸುವ ಮುಂಚೆ. ಸ್ಟೆಬಿಲೈಸ್ ಆದ ಮೇಲೆ ಚಿತ್ರ ನಿಲ್ಲುತ್ತದೆ, ನಿಂತಿದ್ದ ಕಲೆ ಓಡಾಡಲು ಶುರು ಮಾಡುತ್ತದೆ. ಆಗ ಫ್ರೇಮ್ ಫ್ರೇಮಿಗೂ ಅದರ ಹಿಂದೆ ಓಡಬೇಕು. ನಾನು ಆ ಮದುವೆಯ ವಿಡಿಯೋದಲ್ಲಿ ಒಂದು ರಾತ್ರಿ ಹೀಗೇ ಓಡಿದ್ದೇನೆ.

ಮುಗಿದ ಮೇಲೆ ಪೆನ್‌ಡ್ರೈವಿಗೆ ಹಾಕಿ, ಮನೆಯ ದೊಡ್ಡ ಟಿವಿಯಲ್ಲಿ, ಎದ್ದು ನಿಂತು, ಆಕಾಶ ಇರುವ ಶಾಟ್‌ಗಳನ್ನಷ್ಟೇ ಒಮ್ಮೆ ಓಡಿಸಿ ನೋಡಿ. ಆಮೇಲೆ ಗಿರಾಕಿ ಮನೆಗೆ ಹೊರಡಿ. ಸರಿಮಾಡಿದ ಪ್ರತಿ ಕೊಡಲು ಹೋದಾಗ ಅಜ್ಜಿ ಪರದೆ ಹತ್ತಿರ ಬಂದು ಹುಡುಕಿ ನೋಡಿದರು. "ಬೊಟ್ಟು ಇದ್ದಿದ್ರೂ ಅಡ್ಡಿ ಇತ್ತಿಲ್ಲೆ" ಎಂದು ಚಹಾ ತರಲು ಒಳಗೆ ಹೋದರು.